ಮುಳುಗಿಸಿದ ಮರ

ಮಾರ್ಚ್ 22, ಬೆಳಿಗ್ಗೆ 6
ಕೆರೆ ನೀರು ಐವತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಇನ್ನೂ ತಣ್ಣಗಿದೆ. ಕ್ರಾಪಿ ಮೀನು ಇನ್ನೂ ಆಳದಲ್ಲೇ. ಹನ್ನೆರಡಡಿ ಗಾಳದ ಕೋಲು ತೆಗೆದೆ. ತೆಳು ದಾರ, ಬಟಾಣಿಗಿಂತ ಸಣ್ಣ ಸೀಸದ ಗುಂಡು. ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ಗೊಂಡೆ ಯಾವ ಬಣ್ಣದ್ದಿರಲಿ? ಕದಡಿದ ನೀರಿಗೆ ಹಳದಿ ಅನ್ನುತ್ತಿದ್ದರು ಅಪ್ಪ. ನನಗೆ ಬಿಳಿಯೇ ಇಷ್ಟ. ಅರ್ಧ ಗಂಟೆ ಡಬ್ಬಿ ತೆರೆದು ಕೂತೇ ಇದ್ದೆ.

ಮಂಜಿನಲ್ಲಿ, ನೀರಲ್ಲಿ ನಿಂತ ಸೈಪ್ರೆಸ್ ಮರಗಳಿಗೆ ಬುಡವೇ ಇಲ್ಲ. ದೋಣಿ ಗಾಳಿಯಲ್ಲಿ ತೇಲಿದ ಹಾಗೆ... ತಮ್ಮ ಹಾಲಿಸ್‌ನ ದೋಣಿ ಕಾಣಲಿಲ್ಲ. ಕಾಣದಿದ್ದರೆ ನನಗೇನು?

ಮಾರ್ಚ್ 29
ಮೂರೇ ಮೀನು. ಮನಸ್ಸೆಲ್ಲೋ ಇತ್ತು.

ತಮ್ಮನ ಜೊತೆ ಮಾತು ಬಿಟ್ಟು ಆರು ವರ್ಷ. ಕ್ರಿಸ್‌ಮಸ್ ಮುಗಿದ ಮೇಲೆ ಜನ ಎಸೆದ ಮರಗಳನ್ನು ಹೊತ್ತು ತಂದು, ಕಾಂಕ್ರೀಟ್ ಕಲ್ಲು ಕಟ್ಟಿ ಕೆರೆಯಲ್ಲಿ ಮುಳುಗಿಸಿದವಳು ನಾನು. ಮೀನು ಆ ಕೊಂಬೆ ಸೇರುತ್ತೆ. ಒಬ್ಬರು ಮುಳುಗಿಸಿದ ಮರಕ್ಕೆ ಇನ್ನೊಬ್ಬರು ಗಾಳ ಹಾಕುವ ಹಾಗಿಲ್ಲ ಇಲ್ಲಿ. ಜಾಗ ತೋರಿಸಿದ್ದು ಹಾಲಿಸ್‌ಗೊಬ್ಬನಿಗೆ. ಅವನೋ ಮೆಂಫಿಸ್‌ನ ನಾಲ್ವರು ಗಿರಾಕಿಗಳನ್ನು, ದುಡ್ಡು ಪಡೆದು ಮೀನು ಹಿಡಿಸೋಕೆ, ಅಲ್ಲಿಗೇ ಕರೆದೊಯ್ದ. ಆಮೇಲೆ ನಾನು ಆ ಕಡೆ ತಲೆ ಹಾಕಿಲ್ಲ. ಸಿಟ್ಟೂ ಆರಿಲ್ಲ.

ಏಪ್ರಿಲ್ 7
ಡಾಗ್‌ವುಡ್ ಹೂ ಬಿಟ್ಟಿದೆ. ಮೀನು ದಡಕ್ಕೆ ಬರುವ ಹೊತ್ತು. ಎರೆ ಅಂಗಡಿಯ ನಡೀನ್ ಗಾಳಕ್ಕೆ ಬೇಕಾದ ಮರಿಮೀನು ಬಕೆಟ್‌ಗೆ ತುಂಬಿಕೊಡುತ್ತಾ ಹೇಳಿದಳು — ಫೆಬ್ರವರಿಯಲ್ಲಿ ಹಾಲಿಸ್‌ಗೆ ಲಕ್ವ ಹೊಡೆಯಿತಂತೆ. ಬಲಗೈ ಏಳುವುದಿಲ್ಲ. ದೋಣಿ ಮಾರುತ್ತಾನಂತೆ.

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ, ಆರ್ಡಿತ್."

ಗೊತ್ತು ಅಂದೆ. ಸುಳ್ಳು. ಬಕೆಟ್ ಅಲ್ಲೇ ಮರೆತು ಬಂದೆ.

ಏಪ್ರಿಲ್ 8
ಯಾಕೋ ಹಳೇ ಜಾಗಕ್ಕೆ ಹೋದೆ. ಮರ ಕೊಳೆತು ಹೋಗಿರುತ್ತೆ ಅಂದುಕೊಂಡು. ಬಿಳಿ ಗೊಂಡೆ ಇಳಿಸಿದೆ. ಕ್ರಾಪಿ ಮೇಲಕ್ಕೇ ನೋಡುವ ಮೀನು, ಗಾಳ ಅದರ ತಲೆಗಿಂತ ಒಂದಡಿ ಮೇಲಿರಬೇಕು. ಒಂದಾದ ಮೇಲೊಂದು ಏಳು ಬಂದವು. ಕನಸೋ ಏನೋ... ಎಂಟನೇ ಸಲ ಗಾಳ ಸಿಕ್ಕಿಕೊಂಡಿತು. ಕೊಕ್ಕೆಯಿಂದ ಎಬ್ಬಿಸಿದರೆ ಸೀಡರ್ ರೆಂಬೆ. ಎಲೆ ಇನ್ನೂ ಉದುರಿಲ್ಲ, ಈ ಚಳಿಗಾಲದಲ್ಲಿ ಇಳಿಸಿದ್ದೇ. ಅದಕ್ಕೆ ನೀಲಿ ಹಗ್ಗ, ಹಾಲಿಸ್ ಹಾಕುವ ಎರಡು ಸುತ್ತಿನ ಗಂಟು.

ಗಂಟು ಬಿಚ್ಚಿ ಹಗ್ಗ ಜೇಬಿಗೆ ಹಾಕಿಕೊಂಡೆ. ದೋಣಿಯಲ್ಲೇ ಕೂತು ಅತ್ತೆ.

ಏಪ್ರಿಲ್ 10
ಅವನ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದ, ಬಲಗೈ ಮಡಿಲಲ್ಲಿ. ಏನು ಹೇಳಬೇಕೋ ತೋಚದೆ ನೀಲಿ ಹಗ್ಗ ಮುಂದಿಟ್ಟೆ. ಎಡಗೈಯಿಂದ ಅದನ್ನು ಎತ್ತಿಕೊಂಡ.

"ಪ್ರತಿ ಜನವರೀಲೂ ಒಂದೊಂದು ಮರ ಇಳಿಸ್ದೆ, ಅಕ್ಕ. ಗಾಳ ಮಾತ್ರ ಹಾಕ್ಲಿಲ್ಲ, ನಿನ್ನಾಣೆ."

"ಹೇಳೋಕೇನಾಗಿತ್ತು ನಿಂಗೆ?"

"ನೀನು ಒಂದಿನ ಅಲ್ಲಿಗೆ ಬಂದಿದ್ರೆ ಸಾಕಿತ್ತು. ಮೀನೇ ಹೇಳ್ತಿತ್ತು."

ದೋಣಿ ಮಾರಬೇಡ ಅಂದೆ. ಒಂದು ಕೈಯಲ್ಲಿ ಏನು ಮಾಡಲಿ ಅಂದ.

ಏಪ್ರಿಲ್ 11, ದೋಣಿಯಲ್ಲಿ
ಅವನಿಗೆ ಎಂಟಡಿಯ ಹಗುರ ಕೋಲು ಆರಿಸಿದೆ. ದಾರ ಸುತ್ತುವ ರೀಲ್ ಇಲ್ಲದ್ದು, ಎಡಗೈಗೆ ಸಾಕು. ದಾರಕ್ಕೆ ತೇಲುವ ಬೆಂಡು ಕಟ್ಟಿ, ಮರಿಮೀನಿನ ತುಟಿಗೆ ಗಾಳ ಚುಚ್ಚಿ ಕೊಟ್ಟೆ. ಮಂಜು. ಕ್ರಾಪಿಯ ಬಾಯಿ ಕಾಗದದ ಹಾಗೆ, ಜಗ್ಗಿದರೆ ಹರಿಯುತ್ತೆ. ಚಿಕ್ಕಂದಿನಲ್ಲಿ ಹಾಲಿಸ್ ಜಗ್ಗಿ ಜಗ್ಗಿಯೇ ಎಲ್ಲ ಕಳೆಯುತ್ತಿದ್ದ. ಈಗ ಎಡಗೈಯಲ್ಲಿ ಕೋಲು ಹಿಡಿದು ಬೆಂಡನ್ನೇ ನೋಡುತ್ತಿದ್ದಾನೆ. ಬೆಂಡು ಓರೆಯಾಯಿತು... ಮುಳುಗಿತು. ಜಗ್ಗಲಿಲ್ಲ. ಮೆಲ್ಲಗೆ ಎತ್ತುತ್ತಿದ್ದಾನೆ, ಮೆಲ್ಲಗೆ — ಬಲೆ ಹಿಡಿ ಅಕ್ಕ ಅಂತಿದ್ದಾನೆ, ಬರೆಯೋದು ಬಿಟ್ಟು