ಒಂದೂವರೆ ಸೆಂಟ್ಸಿನ ಅಂಗಳ

ಲಾಯಿಲ, ಬೆಳ್ತಂಗಡಿ
೧೬-೨-೨೦೨೫, ಆದಿತ್ಯವಾರ

ವಿಸ್ಮಿತಾಳ ಅಪ್ಪನಿಗೆ, ಭವ್ಯಶ್ರೀ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಸೊಂಟದ ಹತ್ತಿರದ ಹುಣ್ಣು ಪೂರ್ತಿ ಒಣಗಿತೇ? ರಾತ್ರಿ ಕಾಲು ಸೆಳೆಯುವುದು ಕಡಿಮೆಯಾಯಿತೇ? ಮಂಚದಿಂದ ಗಾಲಿಕುರ್ಚಿಗೆ ಈಗ ಯಾರ ಸಹಾಯವೂ ಇಲ್ಲದೆ ಇಳಿಯುತ್ತೀರಂತೆ. ಈ ಸಂಗತಿ ನನಗೆ ಫಿಸಿಯೋದವರಿಂದ ತಿಳಿಯಿತು, ನಿಮ್ಮಿಂದ ಅಲ್ಲ. ಇರಲಿ, ಸಂತೋಷವಾಯಿತು. ನಾವು ಇಲ್ಲಿ ಸೌಖ್ಯ. ನಿಮ್ಮ ಅಮ್ಮನ ಮೊಣಕಾಲು ಹಾಗೆಯೇ ಉಂಟು, ಎಣ್ಣೆ ಹಚ್ಚಿಕೊಳ್ಳುತ್ತಾರೆ, ಬೈಯುತ್ತಾರೆ, ನಡೆಯುತ್ತಾರೆ. ವಿಸ್ಮಿತಾಳಿಗೆ ಪರೀಕ್ಷೆ ಹತ್ತಿರ ಬಂತು. ಗಣಿತದ ಪುಸ್ತಕ ತೆರೆದಿಟ್ಟು ನಮ್ಮ ಅಂಗಳದ ಚಿತ್ರ ಬರೆಯುತ್ತಾಳೆ. ಆ ಚಿತ್ರದ ವಿಷಯಕ್ಕೇ ಈ ಪತ್ರ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ಕೇಳಬೇಡಿ. ಮನೆಗೆ ಬರುವ ಮಾತು ತೆಗೆದ ಕೂಡಲೇ ನೀವು "ಇಲ್ಲಿ ಊಟದ ಗಂಟೆ ಆಯ್ತು" ಎಂದು ಫೋನ್ ಇಡುತ್ತೀರಿ. ಮಧ್ಯಾಹ್ನ ಮೂರು ಗಂಟೆಗೂ ಊಟ, ಸಂಜೆ ಐದಕ್ಕೂ ಊಟ. ಪತ್ರವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಹೆಚ್ಚೆಂದರೆ ಮಡಚಿ ದಿಂಬಿನ ಅಡಿಗೆ ತುರುಕುತ್ತೀರಿ, ಆಮೇಲೆ ತೆಗೆದು ಓದುತ್ತೀರಿ. ಹನ್ನೆರಡು ವರ್ಷ ನಿಮ್ಮ ಜೊತೆ ಬಾಳಿದ್ದೇನೆ, ಅಷ್ಟು ಗೊತ್ತುಂಟು. ಬರುವ ಶನಿವಾರ ನಿಮ್ಮನ್ನು ಕಳಿಸುತ್ತೇವೆಂದು ಡಾಕ್ಟರರು ಹೇಳಿದ್ದಾರೆ. ದೀಪಾವಳಿಗೇ ಕಳಿಸುವವರಿದ್ದರು, ನೀವೇ ಮುಂದೆ ಹಾಕಿದಿರಿ. ಈಗ ಬಂಟ್ವಾಳದ ಆಸ್ಪತ್ರೆಯಿಂದ ನೇರ ವೇಣೂರಿನ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೀರಂತೆ. ಅಲ್ಲಿ ಮನೆ ರಸ್ತೆಯಿಂದ ಒಳಗೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದಿರಂತೆ. ಅಕ್ಕ ಹೇಳುವಾಗ ಅತ್ತರು. ನಾನು ಅಳಲಿಲ್ಲ, ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಏನಾದರೂ ಕೆಲಸ ಹಿಡಿಯುತ್ತೇನೆ. ಈ ಸಲ ಅಂಗಳವನ್ನು ಹಿಡಿದೆ.

ನಿಮಗೆ ನಾಚಿಕೆಯಾಗಬೇಕಾದ ಒಂದು ವಿಷಯ ಉಂಟು. ಮಿಜಾರಿನ ಕಾಲೇಜು ಕ್ಯಾಂಪಸ್ಸಿನಲ್ಲಿ ಹದಿನಾಲ್ಕು ವರ್ಷ ಹುಲ್ಲು ಬೆಳೆಸಿದಿರಿ, ಕ್ರೋಟನ್ ಕತ್ತರಿಸಿದಿರಿ, ಮೂಡುಬಿದಿರೆಯಲ್ಲಿ ಎಷ್ಟು ಜನರ ಮನೆಯೆದುರು ತೋಟ ಮಾಡಿಕೊಟ್ಟಿರಿ. ನಮ್ಮ ಮನೆಯ ಮುಂದೆ ಮಾತ್ರ ಉಳಿದ ಕೆಂಪುಕಲ್ಲಿನ ರಾಶಿ, ತೂತಾದ ಡ್ರಮ್ಮು, ಒಂದು ತುಳಸಿಕಟ್ಟೆ, ನಾಲ್ಕು ಹೂಕುಂಡ, ಬಸಳೆಯ ಚಪ್ಪರ, ಆ ಹಲಸಿನ ಮರ. ಕೇಳಿದರೆ "ಮಾಡುವ, ಮಾಡುವ" ಎನ್ನುತ್ತಿದ್ದಿರಿ. ನಾನು ಬ್ಲೌಸ್ ಹೊಲಿಯುವ ಟೇಪಿನಲ್ಲಿ ಅಳೆದೆ. ಸಿಟೌಟಿನಿಂದ ಗೇಟಿಗೆ ಹದಿನಾರು ಅಡಿ, ಅಡ್ಡಕ್ಕೆ ಮೂವತ್ತೆಂಟು. ಒಂದೂವರೆ ಸೆಂಟ್ಸಿಗೂ ತುಸು ಕಡಿಮೆ. ವಿಸ್ಮಿತಾ ಗ್ರಾಫ್ ಹಾಳೆಯಲ್ಲಿ ಗೀಟು ಹಾಕಿದಳು. ನಿಮ್ಮ ಕೈಕೆಳಗೆ ಕೆಲಸ ಕಲಿತ ರೋಹಿತನನ್ನು ಕರೆಸಿದೆ. ಈಗ ಅವನೇ ಮೂಡುಬಿದಿರೆಯಲ್ಲಿ ದೊಡ್ಡ ಗಾರ್ಡನ್ ಕಾಂಟ್ರಾಕ್ಟರ್. ಬಂದವನು ಫೋನಿನಲ್ಲಿ ನೂರು ಫೋಟೋ ತೋರಿಸಿದ. ಬಿಳಿ ಕಲ್ಲು, ಪ್ಲಾಸ್ಟಿಕ್ ಹುಲ್ಲು, ಬಾಯಿಯಿಂದ ನೀರು ಕಾರುವ ಕಪ್ಪೆ. ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಕರೆಯದೆಯೇ ಕಪ್ಪೆಗಳು ಬರುತ್ತವೆ, ಸಿಮೆಂಟಿನದ್ದು ಬೇಡ ಎಂದೆ. ಆಮೇಲೆ ನಿಮ್ಮ ಮಾತನ್ನೇ ಅವನಿಗೆ ನೆನಪಿಸಿದೆ. ನೀವು ಯಾವಾಗಲೂ ಹೇಳುತ್ತಿದ್ದಿರಲ್ಲ, "ಮನೆಯವರು ಎಲ್ಲಿ ನಡೀತಾರೆ ನೋಡು, ದಾರಿ ಮೊದಲು, ಗಿಡ ಮತ್ತೆ" ಎಂದು. ಅವನು ಫೋನ್ ಜೇಬಿಗೆ ಹಾಕಿ ನನ್ನ ಟೇಪು ಕೇಳಿ ತೆಗೆದುಕೊಂಡ.

ಆದರೂ ಮೊದಲ ಸಲ ನಾವು ಮಾಡಿದ ಯೋಚನೆ ಪೂರ್ತಿ ತಪ್ಪು. ಸಿಟೌಟಿನಿಂದ ಗೇಟಿನ ಕಡೆಗೆ ಒಂಬತ್ತು ಅಡಿಯ ನೇರ ಇಳಿಜಾರು, ಉಳಿದಲ್ಲೆಲ್ಲ ಜಲ್ಲಿ, ರಸ್ತೆಯ ಕಡೆ ಆಳೆತ್ತರದ ದಾಸವಾಳದ ಬೇಲಿ, ಮತ್ತು ಹಲಸಿನ ಮರವನ್ನು ಕಡಿದು ಬುಡ ಕೀಳಿಸುವುದು. ಕಡಿಯುವುದು ಅಮ್ಮನ ಹಟ. ನಿಮಗೆ ಹೇಳದ ಒಂದು ಸಂಗತಿ ಈಗ ಹೇಳುತ್ತೇನೆ. ಕಳೆದ ಮಾರ್ಚಿನಲ್ಲಿ ನೀವು ಆ ಮರದಿಂದ ಬಿದ್ದ ದಿನದಿಂದ ಅಮ್ಮ ಗುಜ್ಜೆಯನ್ನು ಬಾಯಿಗೆ ಹಾಕಿಲ್ಲ. ಪಲ್ಯಕ್ಕೆ ಒಂದು ಎಳೆಯ ಹಲಸಿನಕಾಯಿ ಬೇಕೆಂದು ನಿಮ್ಮನ್ನು ಮರ ಹತ್ತಿಸಿದ್ದು ತಾನೇ ಎಂದು ಹಗಲೂ ರಾತ್ರಿ ಅದೇ ಕೊರಗು. ನಿಮ್ಮನ್ನು ನೋಡಲು ಬಂದ ದಿನ ವಾರ್ಡಿನ ಒಳಗೆ ಬಾರದೆ ವರಾಂಡದ ಬೆಂಚಿನಲ್ಲಿ ಕೂತರಲ್ಲ, ಅದು ಕಾಲು ನೋವಿನಿಂದ ಅಲ್ಲ. "ಅವನು ಬಂದ ಮೇಲೆ ಈ ಮರ ಅವನ ಕಣ್ಣಿಗೆ ಬೀಳಬಾರದು" ಎಂದು ನನ್ನ ಹತ್ತಿರ ಹಿಡಿದ ಪಟ್ಟು ಬಿಡಲಿಲ್ಲ. ರೋಹಿತನಿಗೆ ತಾವೇ ಫೋನ್ ಮಾಡಿಸಿ, ಸೋಮವಾರ ಜೆಸಿಬಿ ತೆಗೆದುಕೊಂಡು ಬಾ ಎಂದು ದಿನ ನಿಗದಿ ಮಾಡಿದರು.

ಹೋದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಗೇಟಿನ ಎದುರು ಬಂದು ನಿಂತಿತು. ಹಿಂದಿನಿಂದ ಮರ ಕಡಿಯುವ ಇಬ್ಬರು ಯಂತ್ರ ಹಿಡಿದು ಇಳಿದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಹುರಿದ ಅಕ್ಕಿ, ಹುರುಳಿಯ ಪರಿಮಳ ಬಂತು. ಅಮ್ಮ ಚಹಾದ ಲೋಟ ಹಿಡಿದವರು ಹಾಗೆಯೇ ನಿಂತರು. ಅಂದು ಕೆಡ್ಡಸದ ಮೊದಲ ದಿನ. ಭೂಮಿ ಮುಟ್ಟಾಗಿ ಮಲಗುವ ಮೂರು ದಿನ ಮಣ್ಣು ಅಗೆಯಬಾರದು, ಹಸಿ ಗಿಡ ಕಡಿಯಬಾರದು ಎಂದು ನಾನು ಮದುವೆಯಾಗಿ ಬಂದ ವರ್ಷದಿಂದ ನನಗೆ ಪಾಠ ಮಾಡಿದವರು ಇವರೇ. ಒಂದು ಸಲ ಬಸಳೆಯ ಕುಡಿ ಚಿವುಟಿದ್ದಕ್ಕೆ ನನ್ನ ಹತ್ತಿರ ಎರಡು ದಿನ ಮಾತಾಡಿರಲಿಲ್ಲ. ಈಗ ಅದೇ ದಿನಕ್ಕೆ ಜೆಸಿಬಿ ಕರೆಸಿದ್ದಾರೆ. ಅಮ್ಮ ಲೋಟವನ್ನು ನೆಲದಲ್ಲಿಟ್ಟು ಗೇಟಿನ ನಡುವೆ ಹೋಗಿ ನಿಂತು "ಮೂರು ದಿನ ಬೇಡ ಮಗಾ, ಗುರುವಾರ ಬಾ. ನನ್ನ ತಲೆ ಎಲ್ಲಿ ಹೋಗಿತ್ತೋ" ಎಂದರು. ರೋಹಿತ ತಕರಾರು ಮಾಡಲಿಲ್ಲ. ಅವನ ತಾಯಿಯೂ ಅಂದು ಬೆಳಿಗ್ಗೆ ಹಬ್ಬದ ನನ್ನೆರಿ ಪುಡಿ ಕುಟ್ಟಿ ಡಬ್ಬದಲ್ಲಿ ಹಾಕಿ ಕಳಿಸಿದ್ದರಂತೆ. ತಿನ್ನುವಾಗಲೂ ನೆನಪಾಗಲಿಲ್ಲವಾ ಮಾರಾಯ ಎಂದು ಕೇಳಿದೆ. ನಕ್ಕ.

ಜೆಸಿಬಿ ತಿರುಗಿ ಹೋದದ್ದು ಯಾಕೆಂದು ನೋಡಲು ಪಾತುಮ್ಮ ಬಂದರು. ನಮ್ಮ ಎದುರು ಮನೆಯವರಲ್ಲವೇ, ಇಡೀ ರಸ್ತೆಯ ವರದಿ ಅವರಲ್ಲಿ ಇರಬೇಕು. ವಿಷಯ ಕೇಳಿ, "ಕುರ್ಚಿಯಲ್ಲಿ ಕೂತು ನೋಡದೆ ದಾರಿ ಮಾಡ್ತೀರಾ ನೀವು?" ಎಂದರು. ಮನೆಗೆ ಹೋಗಿ, ತೀರಿಹೋದ ಅವರ ಯಜಮಾನರು ಮೂಸಾ ಬ್ಯಾರಿಯವರ ಗಾಲಿಕುರ್ಚಿಯನ್ನು ಧೂಳು ಒರೆಸಿ ತಳ್ಳಿಕೊಂಡು ಬಂದರು. ಮಣ್ಣು ಮುಟ್ಟುವ ಹಾಗಿಲ್ಲ, ಬೇರೆ ಕೆಲಸವೂ ಇಲ್ಲ. ಹಾಗಾಗಿ ಮೂರು ದಿನವೂ ಹೊಲಿಗೆ ಬಿಟ್ಟು ಹೊತ್ತು ಸಿಕ್ಕಾಗಲೆಲ್ಲ ನಾನು ಆ ಕುರ್ಚಿಯಲ್ಲಿ ಅಂಗಳ ಸುತ್ತಿದೆ. ರೋಹಿತ ಮಾದರಿಗೆಂದು ಇಟ್ಟಿದ್ದ ಹಲಗೆಯ ಇಳಿಜಾರಿನಲ್ಲಿ ಇಳಿಯುವಾಗ ನೇರ ಗೇಟಿಗೆ ಹೋಗಿ ಗುದ್ದಿದೆ. ಹತ್ತುವಾಗ ಅರ್ಧಕ್ಕೆ ಕೈ ಸೋತು ಹಿಂದೆ ಜಾರಿದೆ. ವಿಸ್ಮಿತಾ ಹಿಡಿಯದಿದ್ದರೆ ನಿಮ್ಮ ಪಕ್ಕದ ಮಂಚ ನನಗಾಗುತ್ತಿತ್ತು. ಜಲ್ಲಿಯಲ್ಲಿ ಗಾಲಿ ಹೂತು ಹೋಯಿತು. ನಲ್ಲಿ ಕೈಗೆ ಸಿಗಲಿಲ್ಲ. ತುಳಸಿಕಟ್ಟೆಗೂ ಗೋಡೆಗೂ ನಡುವೆ ಕುರ್ಚಿ ಸಿಕ್ಕಿಕೊಂಡು ಅಲ್ಲೇ ಉಳಿದೆ. ಜೆಸಿಬಿ ಅಂದೇ ಕೆಲಸ ಶುರು ಮಾಡಿದ್ದರೆ ಇಷ್ಟೂ ತಪ್ಪುಗಳನ್ನು ಸಿಮೆಂಟಿನಲ್ಲಿ ಹಾಕಿ ಗಟ್ಟಿ ಮಾಡುತ್ತಿದ್ದೆವು.

ಎರಡನೇ ದಿನ ಸಂಜೆ ನಾನು ಬೇಕೆಂದೇ ರಸ್ತೆಗೆ ಮುಖ ಮಾಡಿ ಕೂತೆ, ನೀವು ಹೆದರುವುದು ಯಾವುದಕ್ಕೆ ಎಂದು ತಿಳಿಯಲು. ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ, ಕಷ್ಟವಾಯಿತು. ಹೋಗುವವರೆಲ್ಲ ನೋಡಿದರು. ಇಬ್ಬರು ನಿಂತು "ನಿಮಗೂ ಏನಾಯ್ತು?" ಎಂದು ಕೇಳಿದರು. ಒಬ್ಬರು ಅಯ್ಯೋ ಪಾಪ ಎಂದರು. ನನಗೆ ಏನೂ ಆಗಿರಲಿಲ್ಲ, ಆದರೂ ಎದ್ದು ಒಳಗೆ ಓಡಬೇಕೆನಿಸಿತು. ನಾನು ಬೇಕಾದರೆ ಏಳಬಹುದು, ನೀವು ಏಳಲಾರಿರಿ ಎಂಬುದು ಆಗ ಸರಿಯಾಗಿ ಅರ್ಥವಾಯಿತು. ಫೋನಿನಲ್ಲಿ ನಿಮ್ಮ ಮೇಲೆ ಕೂಗಾಡಿದ್ದಕ್ಕೆ ಬೇಸರವಾಯಿತು. ಕಾಲು ಗಂಟೆ ಹಾಗೆಯೇ ಕೂತೆ. ಆಮೇಲೆ ಐದೂ ಮುಕ್ಕಾಲಿನ ಬಸ್ಸು ಬಂತು, ನೋಡುತ್ತಿದ್ದವರೆಲ್ಲ ಸೀಟಿಗೆ ಓಡಿದರು. ಪಾತುಮ್ಮ ಕಲ್ಲಿನ ಮೇಲೆ ಕೂತು ಮಗನ ಮದುವೆಗೆ ಮೂರು ಬ್ಲೌಸ್ ಬೇಕು, ಕತ್ತು ಇಷ್ಟು ಇಳಿಯಬೇಕು ಎಂದು ಅಳತೆ ಹೇಳತೊಡಗಿದರು. ನಾನು ಕುರ್ಚಿಯಲ್ಲಿದ್ದೇನೆ ಎಂಬುದು ಅವರಿಗೂ ಮರೆತಿತ್ತು, ನನಗೂ ಮರೆತಿತ್ತು. ಜನರು ನೋಡುತ್ತಾರೆ, ಹೌದು. ಆದರೆ ಅವರಿಗೂ ಮನೆಯಲ್ಲಿ ಬೇರೆ ಕೆಲಸ ಉಂಟು.

ಮೂರನೇ ದಿನ ಹಲಸಿನ ಮರದ ಹತ್ತಿರ ಕುರ್ಚಿ ತಿರುಗಿಸುವಾಗ ನಿಂತರೆ ಕಾಣದ ಒಂದು ವಸ್ತು ಕಂಡಿತು. ಬುಡದಿಂದ ಮೂರಡಿ ಮೇಲೆ, ನೀವು ಹಬ್ಬಿಸಿದ ಕರಿಮೆಣಸಿನ ಬಳ್ಳಿಯ ಎಲೆಗಳ ಅಡಿಯಲ್ಲಿ, ಅಂಗೈಯಷ್ಟು ದೊಡ್ಡ ಒಂದು ಗುಜ್ಜೆ. ಆ ಮರ ಅಷ್ಟು ಕೆಳಗೆ ಕಾಯಿ ಬಿಟ್ಟದ್ದನ್ನು ನಾನು ನೋಡಿಯೇ ಇಲ್ಲ. ಅಮ್ಮನನ್ನು ಕರೆದೆ. ಮೊಣಕಾಲು ಹಿಡಿದುಕೊಂಡು ಬಗ್ಗಿ ನೋಡಿದರು, ಬಳ್ಳಿಯನ್ನು ಮೊದಲಿನ ಹಾಗೆಯೇ ಮುಚ್ಚಿದರು, ಒಳಗೆ ಹೋದರು. ಮರುದಿನ ಬೆಳಿಗ್ಗೆ ತುಳಸಿಕಟ್ಟೆಯ ಎದುರು ಸಾರಿಸಿ, ಭೂಮಿಗೆ ಎಣ್ಣೆ, ಸೀಗೆಪುಡಿ, ಅರಸಿನ, ಕುಂಕುಮ ಇಟ್ಟರು. ಅಲ್ಲಿಂದ ಏಳುವಾಗ ನನ್ನ ಭುಜ ಹಿಡಿದುಕೊಂಡು, "ಭೂಮಿಯೇ ಮೂರು ದಿನ ಮಲಗಿ ನಾಲ್ಕನೇ ದಿನ ಎದ್ದು ಕೆಲಸಕ್ಕೆ ಹೋಗ್ತಾಳೆ. ಇವನು ಹನ್ನೊಂದು ತಿಂಗಳು ಮಲಗಿದ, ಸಾಕು" ಎಂದರು. ರೋಹಿತ ಬಂದಾಗ ಮರ ಕಡಿಯುವವರನ್ನು ಚಹಾ ಕೊಟ್ಟು ಅವರೇ ವಾಪಸ್ ಕಳಿಸಿದರು.

ಈಗ ಮಾಡಿದ್ದು ಹೀಗೆ. ಇಳಿಜಾರು ಸಿಟೌಟಿನಿಂದ ಗೋಡೆಯ ಬದಿಯಲ್ಲೇ ಒಂಬತ್ತು ಅಡಿ ಹಲಸಿನ ಮರದವರೆಗೆ ಹೋಗುತ್ತದೆ. ಅಲ್ಲಿ ನೆರಳಿನಲ್ಲಿ ಐದಡಿ ಚೌಕದ ಸಮತಟ್ಟು, ಕುರ್ಚಿ ತಿರುಗಿಸಲು ಮತ್ತು ದಣಿವಾರಿಸಲು. ಅಲ್ಲಿಂದ ತಿರುಗಿ ಇನ್ನೊಂಬತ್ತು ಅಡಿ ಇಳಿದರೆ ಅಂಗಳ. ಸಿಟೌಟಿನ ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟು ಅಡಿ ಉದ್ದ, ನಿಮ್ಮ ಫಿಸಿಯೋದವರು ಹೇಳಿದ ಲೆಕ್ಕವೇ. ದಾರಿಯ ಅಗಲ ಮೂರೂವರೆ ಅಡಿ, ಒಳಹೊಲಿಗೆಗೆ ಬಟ್ಟೆ ಬಿಡುವ ಹಾಗೆ ಅರ್ಧ ಅಡಿ ಹೆಚ್ಚೇ ಬಿಟ್ಟಿದ್ದೇನೆ. ಜಲ್ಲಿ ಬೇಡವೆಂದು ಇಂಟರ್‌ಲಾಕ್ ಹಾಕಿದೆವು. ಮನೆ ಕಟ್ಟುವಾಗ ಉಳಿದ ಕೆಂಪುಕಲ್ಲಿನಲ್ಲಿ ಸೊಂಟದೆತ್ತರದ ಎರಡು ಕಟ್ಟೆ ಕಟ್ಟಿ ಮಣ್ಣು ತುಂಬಿದೆವು. ಕೂತಲ್ಲಿಂದಲೇ ಕೈಯಾಡಿಸಬಹುದು. ಒಂದರಲ್ಲಿ ಹರಿವೆ ಬಿತ್ತಿಯಾಯಿತು, ಇನ್ನೊಂದು ನಿಮ್ಮ ಅಬ್ಬಲಿಗೆ ಹೂವಿಗೆ. ಬಸಳೆಯ ಚಪ್ಪರ ಬಾವಿಕಟ್ಟೆಯ ಕಡೆಗೆ ಹೋಯಿತು. ನಲ್ಲಿಯನ್ನು ಇಳಿಸಿದೆವು. ತುಳಸಿಕಟ್ಟೆಯನ್ನು ಅಲುಗಿಸಲಿಲ್ಲ, ಅದರ ಪಕ್ಕದ ಹೂಕುಂಡಗಳನ್ನು ತೆಗೆದೆವು. ಮಳೆಯ ನೀರು ಇಳಿಜಾರಿನ ಬುಡದಲ್ಲಿ ನಿಲ್ಲುತ್ತದೋ ಎಂದು ನನಗೆ ಅನುಮಾನ, ರೋಹಿತ ಇಲ್ಲ ಎನ್ನುತ್ತಾನೆ. ನೀವು ಬಂದು ಬೈಯಬೇಕು. ರಸ್ತೆಯ ಕಡೆಯ ಬೇಲಿಗೆ ಗುಂಡಿ ಮಾತ್ರ ತೋಡಿಸಿದ್ದೇನೆ, ಗಿಡ ನೆಟ್ಟಿಲ್ಲ. ಆಳೆತ್ತರ ಬೇಕೋ, ಮೊಣಕಾಲೆತ್ತರ ಸಾಕೋ, ನೀವೇ ನಾಲ್ಕು ದಿನ ಕೂತು ನೋಡಿ ಹೇಳಿ. ಆಳೆತ್ತರ ಎಂದರೂ ನಾನು ಜಗಳ ಮಾಡುವುದಿಲ್ಲ.

ಕಾಂಕ್ರೀಟು ನಿನ್ನೆ ಹಾಕಿದ್ದು. ವಿಸ್ಮಿತಾ ಗೋಣಿ ಹಾಸಿ ಬೆಳಿಗ್ಗೆ ಸಂಜೆ ನೀರು ಹಾಕುತ್ತಿದ್ದಾಳೆ. ಶನಿವಾರಕ್ಕೆ ಗಟ್ಟಿಯಾಗುತ್ತದೆ. ರೋಹಿತ ಅಂದು ಕಾರು ತರುತ್ತಾನೆ. ವೇಣೂರಿಗೆ ಹೋಗುವುದಾದರೂ ಕಾರು ಮೊದಲು ನಮ್ಮ ಗೇಟಿಗೆ ಬಂದೇ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ನೀವಿಲ್ಲದೆ ಈ ಮನೆ ನನಗೆ ಸಾಕಾಗಿದೆ. ಅದನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ, ಹಾಗಾಗಿ ಬರೆದೆ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಡಾಕ್ಟರರಿಗೂ ಪಕ್ಕದ ಮಂಚದ ಅಜ್ಜನಿಗೂ ನಮ್ಮ ನಮಸ್ಕಾರ ತಿಳಿಸಿ. ಅಮ್ಮನ ಆಶೀರ್ವಾದ, ಮಗಳ ಮುತ್ತು ಇದರ ಜೊತೆಗೇ ಉಂಟು.

ನಿಮ್ಮ
ಭವ್ಯಶ್ರೀ

ಮರೆತದ್ದು: ರೋಹಿತ ಪತ್ರಕ್ಕಾಗಿ ಬೈಕು ಸ್ಟಾರ್ಟ್ ಮಾಡಿ ನಿಂತಿದ್ದಾನೆ, ಅಕ್ಷರ ಸರಿಯಿಲ್ಲ. ಇಷ್ಟು ಹೊತ್ತು ತನ್ನ ಮಾತೇನೂ ಬರೆಯುವುದು ಬೇಡ ಬೇಡ ಎನ್ನುತ್ತಿದ್ದ ಅಮ್ಮ ಈಗ ನನ್ನ ಪಕ್ಕದಲ್ಲೇ ನಿಂತು, ತಾನು ಹೇಳಿದ ಹಾಗೆಯೇ ಬರೆಯಬೇಕು ಎನ್ನುತ್ತಿದ್ದಾರೆ. ಆ ಗುಜ್ಜೆಯನ್ನು ಅವರು ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಸಮತಟ್ಟಿನಲ್ಲಿ ಕುರ್ಚಿ ನಿಲ್ಲಿಸಿದರೆ ಕೂತವರ ಕೈಗೆ ಸಿಗುತ್ತದೆ, ನಾನು ಕೂತು ನೋಡಿದ್ದೇನೆ. ಇನ್ನು ಹತ್ತು ದಿನ ಕಳೆದರೆ ಬಲಿಯುತ್ತದೆ, ಪಲ್ಯಕ್ಕಾಗುವುದಿಲ್ಲ. ಅಮ್ಮ ಹೇಳಿದ್ದು ಇಷ್ಟು: "ಮಗಾ, ಅವತ್ತಿನ ಗುಜ್ಜೆ ಕೇಳಿದ್ದು ನಾನೇ. ಇದನ್ನೂ ನಾನೇ ಕೇಳ್ತಾ ಇದ್ದೇನೆ. ಬಂದು ಕೊಯ್ದು ಕೊಡು."