ನಾಲ್ಕು ಲಕ್ಷದ ಕನ್ನಡ

ನಾಶಿಕ
೧೪ ನವೆಂಬರ್ ೨೦೨೫, ಶುಕ್ರವಾರ

ಶ್ರೀಮಾನ್ ಹರಿದಾಸರಾಯರಿಗೆ,

‘ಪ್ರೀತಿಯ’ ಎಂದು ಬರೆಯಲು ಪೆನ್ನು ಹಿಡಿದೆ, ಕೈ ಏಳಲಿಲ್ಲ. ಸದ್ಯಕ್ಕೆ ಬರೀ ನಮಸ್ಕಾರ ಇಟ್ಟುಕೊಳ್ಳಿ.

ಮೊದಲು ನಿಮ್ಮ ಆರೋಗ್ಯ. ಬಿ.ಪಿ. ಗುಳಿಗೆ ದಿನಾ ತೆಗೆದುಕೊಳ್ಳುತ್ತಿದ್ದೀರಾ, ಇಲ್ಲ ಹೋದ ತಿಂಗಳಿನ ಹಾಗೆ ಭಾನುವಾರ ನನಗೆ ತೋರಿಸಲು ಖಾಲಿ ಪಟ್ಟಿ ತರುತ್ತೀರಾ? ಚಿಕಲಠಾಣಾದ ಆ ಉಡುಪಿ ಹೋಟೆಲಿನ ಯಜಮಾನರು ನಿಮ್ಮನ್ನು ಕನ್ನಡದವರೆಂದು ಒಳಗೆ ಕರೆದು ಪೂರಿಯ ಮೇಲೆ ಪೂರಿ ಬಡಿಸುತ್ತಾರಂತೆ. ಯಾರಾದರೂ ಕನ್ನಡದಲ್ಲಿ ಕರೆದರೆ ಸಾಕು, ನೀವು ವಿಷವನ್ನಾದರೂ ಎರಡು ಸಲ ಹಾಕಿಸಿಕೊಳ್ಳುತ್ತೀರಿ. ರಾತ್ರಿ ಅನ್ನ ಮಜ್ಜಿಗೆ ಮಾತ್ರ ಊಟ ಮಾಡಿ. ಸಿಟ್ಟಿದ್ದರೂ ಹೇಳುತ್ತಿದ್ದೇನೆ, ನೀವು ಮಲಗಿಬಿಟ್ಟರೆ ಸಂಭಾಜಿನಗರಕ್ಕೆ ಓಡಿ ಬರಬೇಕಾದವಳು ನಾನೇ. ನಾವಿಬ್ಬರೂ ಆರಾಮ ಇದ್ದೇವೆ. ಹರ್ಷಿಣಿಗೆ ಸ್ವಲ್ಪ ನೆಗಡಿ, ಅದರ ಜೊತೆ ಹತ್ತನೇ ತರಗತಿಯ ಜಂಬ.

ಫೋನು ಇಲ್ಲವೇನು, ಪತ್ರ ಯಾಕೆ ಎಂದು ಕೇಳಬೇಡಿ. ಮಂಗಳವಾರ ಫೋನು ಮಾಡಿದೆ. ಮೂರು ವಾಕ್ಯ ಆಡುವುದರೊಳಗೆ ‘ಗಿರಾಕಿ ಬಂದಾರ, ಆಮ್ಯಾಲೆ ಮಾಡ್ತೀನಿ’ ಎಂದು ಇಟ್ಟಿರಿ. ಆ ಆಮ್ಯಾಲೆ ಇನ್ನೂ ಬಂದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಕೈ ಮುಗಿದ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತೀರಿ. ಪತ್ರವನ್ನು ಮಾತ್ರ ನೀವು ಪೂರ್ತಿ ಓದುತ್ತೀರಿ, ನನಗೆ ಗೊತ್ತು. ಬ್ಯಾಂಕಿನವರಿಗೆ ಕಾಗದದ ಮೇಲೆ ಇರುವುದಕ್ಕಷ್ಟೇ ಬೆಲೆ.

ಹೋದ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಇದೇ ಮೇಜಿನ ಮುಂದೆ ಕೂತು ಏನು ತೀರ್ಮಾನಿಸಿದ್ದೆವು, ಸ್ವಲ್ಪ ನೆನಪು ಮಾಡಿಕೊಳ್ಳಿ. ಇಂದಿರಾನಗರದ ಆ ಮೂರನೇ ಮಹಡಿಯ ಮನೆಗೆ ಐವತ್ತೆಂಟು ಲಕ್ಷದಿಂದ ಶುರು ಮಾಡುವುದು, ಅರವತ್ತಮೂರಕ್ಕೆ ನಿಲ್ಲುವುದು. ಈ ಅರವತ್ತಮೂರು ನನಗೆ ಕನಸಿನಲ್ಲಿ ಬಂದದ್ದಲ್ಲ. ಅದೇ ಕಟ್ಟಡದ ಎರಡನೇ ಮಹಡಿಯ ಮನೆ ಹೋದ ವರ್ಷ ಅರವತ್ತೊಂದಕ್ಕೆ ಹೋಗಿದೆ, ಕೊಂಡ ವಸಂತಿಬಾಯಿಯ ಮನೆಗೇ ಹೋಗಿ ಕೇಳಿ ಬಂದಿದ್ದೇನೆ. ಅವರ ಬಚ್ಚಲಿಗೆ ಹೊಸ ಟೈಲ್ಸು. ಇಲ್ಲಿ ಮಲಗುವ ಕೋಣೆಯ ಗೋಡೆಗೆ ಕಪಾಟು ಒರಗಿಸಿಟ್ಟಿದ್ದಾರೆ, ಅದರ ಹಿಂದೆ ತೇವ ಸೊಂಟದ ಎತ್ತರಕ್ಕೆ ಏರಿದೆ. ಲಿಫ್ಟಿಲ್ಲ. ಮಾಲೀಕರು ಪುಣೆಯಲ್ಲಿ ಹೊಸ ಮನೆ ಹಿಡಿದಿದ್ದಾರೆ, ಕಂತು ಕಟ್ಟುವ ಅವಸರ ಅವರದು. ಅವಸರ ನಮಗೂ ಇದೆ, ನಿಮಗೆ ಸಂಭಾಜಿನಗರಕ್ಕೆ ವರ್ಗವಾದ್ದರಿಂದ ಬ್ಯಾಂಕು ಬಾಡಿಗೆ ಕಟ್ಟುವ ಈ ಮನೆಯನ್ನು ಮೇ ತಿಂಗಳಿಗೆ ಬಿಡಬೇಕು, ಆದರೆ ಅದು ಅವರಿಗೆ ಗೊತ್ತಾಗಬಾರದು ಎಂದು ನಾನು ನಿಮಗೆ ಎಷ್ಟು ಹೇಳಿದೆ! ಅರವತ್ತಮೂರರ ಮೇಲೆ ಹೋದರೆ ಕೈ ಹಾಕಬೇಕಾದ್ದು ಹರ್ಷಿಣಿಯ ಕಾಲೇಜಿನ ಠೇವಣಿಗೆ, ಅದನ್ನು ಮುಟ್ಟುವುದು ಬೇಡ ಎಂದೆ. ‘ಖರೆ ಅದ, ಮುಟ್ಟೂದು ಬ್ಯಾಡ’ ಎಂದು ನೀವೇ ತಲೆ ಆಡಿಸಿದಿರಿ.

ಸಾತಪುರದ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ನಾನು ಮಾಡುವ ಕೆಲಸವೇ ಖರೀದಿ. ತಂತಿ, ಸ್ಕ್ರೂ, ತಾಮ್ರದ ಪಟ್ಟಿ, ಯಾವುದನ್ನೂ ಕೇಳಿದ ದರಕ್ಕೆ ಕೊಂಡವಳಲ್ಲ. ನೀವೋ, ಮದುವೆಯಾದಾಗಿನಿಂದ ಬ್ಯಾಂಕೇ ಬಾಡಿಗೆ ಕಟ್ಟಿದ ಮನೆಗಳಲ್ಲಿ ಇದ್ದವರು. ಇಗತಪುರಿಯಲ್ಲಿ ಸೋರುವ ಮನೆಗೆ ಮಾಲೀಕ ಹೇಳಿದಷ್ಟಕ್ಕೆ ಹೂಂ ಅಂದಿರಿ, ಆಮೇಲೆ ನಾಲ್ಕು ತಿಂಗಳು ಬಕೆಟ್ಟು ಖಾಲಿ ಮಾಡಿದವಳು ನಾನು. ವೇರೂಳಿನ ಶಿವನ ಗುಡಿಯ ಮುಂದೆ ಬಿಲ್ವಪತ್ರೆಗೆ ಮುದುಕಿ ಇಪ್ಪತ್ತು ಕೇಳಿದರೆ ಐವತ್ತು ಕೊಟ್ಟು, ದೇವರ ಕೆಲಸದಲ್ಲಿ ಚೌಕಾಸಿ ಸಲ್ಲದು ಎಂದಿರಿ. ಪತ್ರೆಗೆ ನಾನೂ ಸುಮ್ಮನಿದ್ದೆ. ಮನೆಗೂ ಹಾಗೆಯೇ ಮಾಡುತ್ತೀರೆಂದು ಯಾರಿಗೆ ಗೊತ್ತಿತ್ತು?

ಈಗ ಭಾನುವಾರದ ಮಾತು. ಮಾಲೀಕ ಯಶವಂತರಾವ್ ಆ ಮನೆಯಲ್ಲೇ ನಮ್ಮನ್ನು ಕೂರಿಸಿಕೊಂಡು ಎಪ್ಪತ್ತು ಎಂದರು. ಕುಂಭಮೇಳ ಬರುತ್ತಿದೆ, ನಾಶಿಕದಲ್ಲಿ ಇನ್ನು ಜಾಗ ಮುಟ್ಟುವ ಹಾಗಿಲ್ಲ ಎಂದರು. ಕುಂಭಮೇಳಕ್ಕೆ ಬರುವವರು ಮುಳುಗು ಹಾಕಿ ಹೋಗುತ್ತಾರೆ, ತೇವದ ಗೋಡೆ ಕೊಳ್ಳುವುದಿಲ್ಲ ಎಂದು ನಾನು ಮರಾಠಿಯಲ್ಲಿ ಹೇಳಿದೆ. ಅವರಿಗೂ ನಗು ಬಂತು. ಐವತ್ತೆಂಟು ಎಂದು ಹೇಳಿ ಬಾಯಿ ಮುಚ್ಚಿ ಕೂತೆ. ದರ ಹೇಳಿದ ಮೇಲೆ ಸುಮ್ಮನಿರುವುದೇ ಈ ಕೆಲಸದ ಮುಕ್ಕಾಲು ಪಾಲು. ಯಾರು ಮೊದಲು ಮಾತಾಡುತ್ತಾರೋ ಅವರು ಸೋತರು. ಯಶವಂತರಾವ್ ಕೈಬೆರಳು ಹಿಸುಕಿಕೊಳ್ಳುತ್ತಿದ್ದರು, ಇನ್ನೊಂದು ನಿಮಿಷ ಬಿಟ್ಟಿದ್ದರೆ ಅವರೇ ಇಳಿಯುತ್ತಿದ್ದರು. ಆಗ ನೀವು ಚಹಾದ ಕಪ್ಪು ಕೆಳಗಿಟ್ಟು, ಮೇಲಿನ ಫ್ಯಾನನ್ನು ನೋಡುತ್ತ, ಅದರ ಬಗ್ಗೆಯೇ ಏನೋ ಹೇಳುವವರ ಹಾಗೆ, ಇಡೀ ಕೋಣೆಗೆ ಕೇಳುವಂತೆ ಕನ್ನಡದಲ್ಲಿ ಶುರು ಮಾಡಿದಿರಿ: ‘ಅನಸೂಯಾ, ಭಾಳ ಎಳೀಬ್ಯಾಡ. ಅರವತ್ತೇಳರ ತನಕಾ ಹೋಗೋಣಂತ. ಕೂಸಿನ ಠೇವಣಿ ಮುರದ್ರ ಆತು. ಮೇ ತಿಂಗಳಾಗ ನಾವು ಎಲ್ಲಿ ಹೋಗೂದು?’

ಒಂದೇ ಉಸಿರಿಗೆ ನಮ್ಮ ಮಿತಿ, ನಮ್ಮ ಅವಸರ, ನಮ್ಮ ಠೇವಣಿ, ಎಲ್ಲ ಹೊರಗೆ. ಏನು ಬಾಯಿರೀ ನಿಮ್ಮದು! ಅದೂ ಅರವತ್ತಮೂರಲ್ಲ, ಅರವತ್ತೇಳು. ಆ ನಾಲ್ಕು ಲಕ್ಷ ಯಾವಾಗ ಸೇರಿಸಿದಿರಿ? ರಾತ್ರಿ ನಾನು ನಿದ್ದೆ ಹೋದ ಮೇಲೆಯೋ? ಕನ್ನಡದಲ್ಲಿ ಆಡಿದರೆ ಈ ಸೀಮೆಯಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬುದು ನಮ್ಮ ವರ್ಗಾವಣೆಯ ಮಂದಿಯ ಚಟ. ಬಟ್ಟೆ ಅಂಗಡಿಯಲ್ಲಿ, ಡಾಕ್ಟರ ಮುಂದೆ, ಬಸ್ಸಿನಲ್ಲಿ, ಗುಟ್ಟನ್ನೆಲ್ಲ ಗಟ್ಟಿಯಾಗಿಯೇ ಆಡುತ್ತೇವೆ. ನಾನೂ ಆಡುತ್ತೇನೆ, ಆದರೆ ನನ್ನದು ಟೊಮೆಟೊ ಕೊಳೆತಿದೆ ಎಂಬಷ್ಟರ ಗುಟ್ಟು.

ಮೂಲೆಯ ಮಂಚದ ಮೇಲೆ ಯಶವಂತರಾಯರ ತಾಯಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು, ಒಂದು ಗಳಿಗೆಯಲ್ಲಿ ಮಗನನ್ನೂ ಕರೆದರು. ಆ ಪುಣ್ಯಾತ್ಮ ಹೊರಗೆ ಬಂದವರೇ ‘ಅರವತ್ತೇಳು, ಇದರ ಕೆಳಗೆ ಬರುವುದಿಲ್ಲ’ ಎಂದರು. ನನಗೆ ಅಲ್ಲಿಯೇ ಅನುಮಾನ. ನಾವು ಬಾಗಿಲು ದಾಟುವಾಗ ಮುದುಕಿ ಹಿಂದಿನಿಂದ ‘ಮೆಟ್ಟಲಾ ಈಗಷ್ಟ ತೊಳದಾರ, ಹುಷಾರಾಗಿ ಇಳೀರಿ’ ಎಂದಾಗ ಅನುಮಾನವೂ ಉಳಿಯಲಿಲ್ಲ. ಅಪ್ಪಟ ಕನ್ನಡ. ಹೆಸರು ರೇಣವ್ವ, ತವರು ಜತ್ತದ ಹತ್ತಿರದ ಹಳ್ಳಿ. ಬೇರೆ ಯಾರೇ ಆಗಿದ್ದರೂ ನಾಚಿಕೆಯಿಂದ ಇಳಿದು ಹೋಗುತ್ತಿದ್ದರು. ನೀವು? ‘ಅಯ್ಯ, ನಮ್ಮವರು!’ ಎಂದು ಚಪ್ಪಲಿ ಬಿಟ್ಟು ತಿರುಗಿ ಒಳಗೆ ಓಡಿ, ಅವರ ಕಾಲಿಗೆ ಬಿದ್ದು, ಜತ್ತದ ಜೋಳ, ವಿಜಯಪುರದ ನಿಂಬೆಹಣ್ಣು ಎಂದು ಅರ್ಧ ಗಂಟೆ ಹರಟಿದಿರಿ. ನಮ್ಮನ್ನು ಸುಲಿದವರ ಮನೆಯಲ್ಲಿ ಎರಡನೇ ಸಲ ಚಹಾ ಕುಡಿದಿರಿ. ಸ್ಕೂಟರಿನ ಮೇಲೆ ಬರುವಾಗ ‘ನಾಕು ಲಕ್ಷ ಹೋದ್ರ ನಮ್ಮವರಿಗೇ ಹೋತಲ್ಲ’ ಎಂಬ ಸಮಾಧಾನ ಬೇರೆ. ಮನೆಗೆ ಬಂದು ಹೇಳಿದರೆ ಹರ್ಷಿಣಿ ‘ಬಾಬಾಂನೀ ವಾಟ್ ಲಾವಲೀ’, ಅಪ್ಪ ಎಲ್ಲ ಹಾಳುಮಾಡಿದರು ಎಂದು ಮರಾಠಿಯಲ್ಲಿ ಷರಾ ಬರೆದು ಒಳಗೆ ಹೋದಳು. ನಿಮ್ಮ ಮಗಳಿಗೆ ಕನ್ನಡ ಬಾಯಿಗೆ ಬರುವುದಿಲ್ಲವೆಂದು ಇಷ್ಟು ವರ್ಷ ಬೇಜಾರು ಮಾಡಿಕೊಂಡೆ, ಈಗ ಅದೇ ಒಳ್ಳೆಯದು ಅನಿಸುತ್ತಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೂ ನುಂಗಿಕೊಳ್ಳುತ್ತಿದ್ದೆ. ಸೋಮವಾರ ಸಂಭಾಜಿನಗರ ಮುಟ್ಟಿದವರೇ ನನಗೊಂದು ಮಾತು ಹೇಳದೆ ಯಶವಂತರಾಯರಿಗೆ ಐವತ್ತೊಂದು ಸಾವಿರ ಮುಂಗಡ ಕಳಿಸಿದಿರಿ. ಅವರು ನನಗೆ ಧನ್ಯವಾದ ಹೇಳಲು ಫೋನು ಮಾಡಿದಾಗ ನಾನು ಆಫೀಸಿನಲ್ಲಿ, ಮ್ಯಾನೇಜರರ ಎದುರಿಗೆ ಇದ್ದೆ. ಕೊಳ್ಳುವ ಮನೆಯ ದರ ಒಪ್ಪಿಯಾಗಿದೆ ಎಂಬುದು ನನಗೆ ಮಾರುವವರಿಂದ ತಿಳಿಯಬೇಕೇ? ಹದಿನೆಂಟು ಲಕ್ಷ ನಾನು ಕೂಡಿಸಿದ್ದು, ಬಸ್ಸಿನಲ್ಲಿ ನೇತಾಡಿ, ಡಬ್ಬಿಯ ತಣ್ಣನೆಯ ಚಪಾತಿ ತಿಂದು. ಅಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಸಿಟ್ಟಿಗೆ ಅತ್ತದ್ದು, ತಪ್ಪು ತಿಳಿಯಬೇಡಿ.

ನಿಮ್ಮ ಮನಸ್ಸು ನನಗೆ ತಿಳಿಯುವುದಿಲ್ಲ ಎಂದಲ್ಲ. ಮೊದಲ ಸಲ ಆ ಮನೆ ನೋಡಲು ಹೋದಾಗ ನೀವು ಬಾಲ್ಕನಿಯ ಗೋಡೆ ಸವರುತ್ತ ‘ಇಲ್ಲಿ ಮೊಳಿ ಹೊಡೀಲಿಕ್ಕೆ ಯಾರನ್ನೂ ಕೇಳಬೇಕಾಗಿಲ್ಲ’ ಎಂದಿರಿ, ನಿಮ್ಮ ಕಣ್ಣಲ್ಲಿ ನೀರಿತ್ತು. ಐವತ್ತೊಂದು ವರ್ಷದ ಗಂಡಸು ಹಾಗೆ ನಿಂತದ್ದು ನೋಡಿ ನನ್ನ ಮನಸ್ಸೂ ಕರಗಿತು. ಅದಕ್ಕೇ ಆ ಮನೆ ಬಿಡಬಾರದೆಂದು ನಾನೂ ಹಟ ಹಿಡಿದದ್ದು. ಆದರೆ ಮೊಳೆ ಹೊಡೆಯುವ ಖುಷಿಗೆ ಮಗಳ ಕಾಲೇಜು ಮಾರುವುದಕ್ಕೆ ಬರುವುದಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ, ಯಶವಂತರಾವ್ ಕೆಲಸಕ್ಕೆ ಹೋದ ಹೊತ್ತು ನೋಡಿ ರೇಣವ್ವನ ಹತ್ತಿರ ಹೋದೆ. ಮಗನಿಗೆ ಹೇಳಿದ್ದು ನೀವೇ ಅಲ್ಲವೇ ಎಂದು ನೇರವಾಗಿ ಕೇಳಿದೆ. ಆಕೆ ಮುಖ ಮುಚ್ಚಿಕೊಳ್ಳಲಿಲ್ಲ. ‘ಹೂಂ ತಂಗಿ, ನಾನೇ ಹೇಳೀನಿ. ನಿನ್ನ ಗಂಡ ನನ್ನ ಮುಂದನ ಕುಂತ ಒದರಿದ. ನಾ ಏನ ಕಿವಿ ಮುಚಗೊಂಡ ಕೂಡಬೇಕಿತ್ತೇನ? ಅಂವ ನನ್ನ ಮಗಾ’ ಎಂದರು. ನನಗೆ ಆಕೆಯ ಮೇಲಿನ ಸಿಟ್ಟು ಅಲ್ಲಿಯೇ ಇಳಿದುಹೋಯಿತು. ತನ್ನ ಮನೆಯವರ ಪರ ನಿಂತ ಹೆಂಗಸು ಆಕೆ. ನನ್ನ ಮನೆಯಲ್ಲಿ ಅಂಥವರು ಯಾರಿದ್ದಾರೆ? ಇರಲಿ. ನಾನೂ ಕನ್ನಡದಲ್ಲೇ, ಬಿಡಿಸಿ ಬಿಡಿಸಿ ಹೇಳಿದೆ: ‘ಅರವತ್ತೇಳು ಅಂದವರು ಅವರು. ಮನಿ ತಗೊಳ್ಳಾಕಿ ನಾನು. ನನ್ನ ಕಡೆ ಇರೂದು ಅರವತ್ತಮೂರು, ಅದರ ಮ್ಯಾಲ ಒಂದು ರೂಪಾಯಿ ಇಲ್ಲ.’ ಹಾಗಾದರೆ ಗಂಡ ಯಾಕೆ ಬಂದಿದ್ದ ಎಂದು ಕೇಳಿದರು. ‘ಚಹಾ ಕುಡೀಲಿಕ್ಕೆ’ ಎಂದೆ. ಮುದುಕಿ ಕೆಮ್ಮು ಬರುವ ತನಕ ನಕ್ಕರು. ಸಂಜೆ ಮಗನಿಗೆ ಹೇಳುತ್ತೇನೆ ಎಂದರು. ನೀವು ಹೇಳಲಿ ಎಂದೇ ಬಂದಿದ್ದೇನೆ ಎಂದೆ.

ನಿನ್ನೆ ಯಶವಂತರಾವ್ ಫೋನು ಮಾಡಿದರು. ಸಾಹೇಬರು ಒಪ್ಪಿ ಮುಂಗಡ ಕಳಿಸಿದ್ದಾರಲ್ಲ ಎಂದರು. ಸಾಹೇಬರ ಮುಂಗಡ ಸಾಹೇಬರಿಗೆ ವಾಪಸು ಹಾಕಿ, ನನ್ನ ಮುಂಗಡ ನಾನು ಕೊಡುತ್ತೇನೆ ಎಂದೆ. ಅರವತ್ತೈದು ಎಂದರು. ನಾನು ಸುಮ್ಮನಿದ್ದೆ. ಫೋನು ಕಟ್ಟಾಯಿತೋ ಎಂದು ಎರಡು ಸಲ ಹಲೋ ಅಂದರು. ನನ್ನ ಪಕ್ಕದಲ್ಲಿ ಅರವತ್ತೇಳು ಎನ್ನುವವರು ಯಾರೂ ಇರಲಿಲ್ಲ. ಕೊನೆಗೆ, ಗೀಝರು ಮತ್ತು ಫ್ಯಾನುಗಳನ್ನು ಬಿಚ್ಚಿಕೊಂಡು ಹೋಗುತ್ತೇನೆ, ಅರವತ್ತಮೂರಕ್ಕೆ ಮುಗಿಸೋಣ ಎಂದರು. ಮುಗಿಸಿದೆ. ನಿಮ್ಮ ಐವತ್ತೊಂದು ಸಾವಿರ ಇವತ್ತು ನಿಮ್ಮ ಖಾತೆಗೆ ಬಂದಿರುತ್ತದೆ, ನೋಡಿಕೊಳ್ಳಿ.

ನಾಳೆ ಶನಿವಾರ ಬರಬೇಡಿ, ಇದಷ್ಟನ್ನು ವಾಟ್ಸಾಪಿನಲ್ಲೂ ಹಾಕಿದ್ದೇನೆ. ನಿಮ್ಮ ಮುಖ ನೋಡಿದರೆ ಬೈಯುತ್ತೇನೆ, ಇಲ್ಲವೇ ನಗುತ್ತೇನೆ. ಎರಡೂ ನನಗೆ ಈಗ ಬೇಡ. ಬೆಡ್‌ಶೀಟು ಅಲ್ಲಿಯೇ ಲಾಂಡ್ರಿಗೆ ಹಾಕಿ. ಚಟ್ನಿಪುಡಿ ಬೇಕಾದರೆ ಇದೇ ಕೊರಿಯರಿನಲ್ಲಿ ಇಟ್ಟಿದ್ದೇನೆ. ಶೇಂಗಾ ಹುರಿಯುವಾಗಲೂ ಸಿಟ್ಟಿತ್ತು, ಖಾರ ಜಾಸ್ತಿಯಾಗಿದ್ದರೆ ಅದರ ಹೊಣೆಯೂ ನಿಮ್ಮದೇ. ಮೈ ಕಾಯ್ದುಕೊಂಡಿರಿ, ಬಾಯಿಯನ್ನು ಅದಕ್ಕಿಂತ ಹೆಚ್ಚು ಕಾಯ್ದುಕೊಳ್ಳಿ ಎಂದು ಕುಲದೇವರನ್ನು ಬೇಡುವ,

ನಿಮ್ಮ ಹೆಂಡತಿ,
ಅನಸೂಯ

ತಾ.ಕ.: ರೇಣವ್ವನ ಮುಂದೆ ಆಡಿದ್ದು ದರ ಇಳಿಸುವ ಜಾಣತನ ಎಂದು ಓದಿ ಬಹುಶಃ ಮೆಚ್ಚಿಕೊಂಡಿದ್ದೀರಿ. ಜಾಣತನವಲ್ಲ, ಹೇಳಿದ್ದು ನಿಜ. ಮನೆ ನನ್ನೊಬ್ಬಳ ಹೆಸರಿಗೆ. ಸಾಲವೂ ನನ್ನ ಸಂಬಳದ ಮೇಲೆ, ಬೇರೆ ಬ್ಯಾಂಕಿನಿಂದ. ನಿಮ್ಮ ಸಿಬ್ಬಂದಿ ಸಾಲಕ್ಕೆ ಬಡ್ಡಿ ಕಡಿಮೆ ಎಂದು ಕುಣಿಯಬೇಡಿ. ಲೆಕ್ಕ ಹಾಕಿ ನೋಡಿದ್ದೇನೆ, ಬಡ್ಡಿಗಿಂತ ನೀವು ದುಬಾರಿ. ಹೆಂಗಸಿನ ಹೆಸರಿಗಷ್ಟೇ ಆದರೆ ಮುದ್ರಾಂಕ ಶುಲ್ಕದಲ್ಲಿ ನೂರಕ್ಕೆ ಒಂದು ಉಳಿಯುತ್ತದೆ, ನಿಮ್ಮ ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಅದನ್ನೇ ಕಾರಣ ಎಂದು ಹೇಳಿ. ನೋಂದಣಿ ಡಿಸೆಂಬರ್ ಐದಕ್ಕೆ, ಶುಕ್ರವಾರ. ಇಬ್ಬರು ಸಾಕ್ಷಿಗಳು ಬೇಕಂತೆ. ಒಬ್ಬಳು ನಮ್ಮ ಆಫೀಸಿನ ಪ್ರಾಚಿ, ಇನ್ನೊಬ್ಬರು ನೀವು. ರಜೆ ಹಾಕಿ ಬನ್ನಿ, ಆಧಾರ್ ಕಾರ್ಡು ತನ್ನಿ. ತೋರಿಸಿದ ಜಾಗದಲ್ಲಿ ಸಹಿ ಹಾಕುವುದಷ್ಟೇ ಸಾಕ್ಷಿಯ ಕೆಲಸ. ಒಂದು ಮಾತೂ ಆಡಬೇಕಾಗಿಲ್ಲವಂತೆ, ಕಚೇರಿಗೆ ಹೋಗಿ ಕೇಳಿಕೊಂಡೇ ಬಂದಿದ್ದೇನೆ.