ಬೆನ್ನಿಲ್ಲದ ಹತ್ತೊಂಬತ್ತು ಸೈನಿಕರು

ಡಿಸೆಂಬರ್ 9, 2025, ಮಂಗಳವಾರ

ಎಡಗಾಲಿನ ಬೂಟು ಮುಗಿಯಿತು. ಬಲಗಾಲಿನದು ನಾಳೆ. ಇವನು ನನ್ನ ಇಪ್ಪತ್ತನೆಯ ಸೈನಿಕ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ನನ್ನ ಯಾವ ಸೈನಿಕನ ಬೂಟಿನ ಲೇಸೂ ಬಿಚ್ಚಿಲ್ಲ. ಇದಕ್ಕೆ ಪದಕ ಕೊಡುವವರಿಲ್ಲ, ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಶೆಡ್ಡಿನ ಪಕ್ಕದ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿದ ಕಾಫಿ ಬೀಜ, ಒಣಗಿಸುತ್ತಿದ್ದಾರೆ. ಗಾಳಿ ಬಂದರೆ ಧೂಳೆಲ್ಲ ಹಸಿ ಸಿಮೆಂಟಿಗೆ. ಈ ತಾಲ್ಲೂಕಿನ ವೀರಯೋಧರೆಲ್ಲರ ಮೈಯಲ್ಲೂ ಒಂದಿಷ್ಟು ಕಾಫಿ ಇದೆ.

ಡಿಸೆಂಬರ್ 11, ಗುರುವಾರ

ಸ್ಮಾರಕ ಸಮಿತಿ ಅಧ್ಯಕ್ಷ ಚಂದ್ರಶೇಖರಪ್ಪ ಬಂದಿದ್ದರು. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಸಿಮೆಂಟ್ ಅವರ ಕೊಡುಗೆ, ಆದ್ದರಿಂದ ಶಿಲ್ಪಕಲೆಯೂ ಅವರದೇ.

"ಜಯದೇವಪ್ಪೋರೇ, ಮೀಸೆ ಎಲ್ಲಿ?"

"ಫೋಟೋದಲ್ಲಿ ಇಲ್ಲ ಸಾರ್."

"ಫೋಟೋ ತೆಗೆಸ್ದಾಗ ಸಣ್ಣ ಹುಡ್ಗ. ಬದುಕಿದ್ರೆ ಬಿಡ್ತಿದ್ದ. ಹಾಕಿ."

ಹಾಕಿದೆ. ಸತ್ತ ಮೇಲೂ ಬೆಳೆಯುವುದು ಹುತಾತ್ಮರ ಮೀಸೆ ಒಂದೇ.

ಹುಡುಗ ಸುರೇಂದ್ರ. ಎಸ್ಟೇಟಿನ ಕೂಲಿ ಲೈನ್ ಮನೆಯವನು. ಹೋದ ವರ್ಷ ಗಡಿಯಲ್ಲಿ ಹಿಮ ಕುಸಿದು ತೀರಿಕೊಂಡ. ಇಪ್ಪತ್ತನಾಲ್ಕು. ಜನವರಿ 26ಕ್ಕೆ ಅವನ ಊರಿನ ಬಸ್ ಸ್ಟಾಪಿನ ಗೋಡೆಗೆ ಒತ್ತಿ ಪ್ರತಿಷ್ಠಾಪನೆ. ಪರದೆ ಸರಿಸುವವರು ತಾಯಿ ಜವರಮ್ಮ. ಇನ್ವಿಟೇಶನ್ ಆಗಲೇ ಅಚ್ಚಾಗಿದೆ.

ಡಿಸೆಂಬರ್ 14, ಭಾನುವಾರ

ಜವರಮ್ಮ ಬಂದಿದ್ದರು. ಕೊಯ್ಲಿನ ಕಾಲ, ಭಾನುವಾರ ಬಿಟ್ಟರೆ ಬಿಡುವಿಲ್ಲ. ಬೆರಳೆಲ್ಲ ಕಾಫಿ ಹಣ್ಣಿನ ಕಪ್ಪು.

ಮುಖ ನೋಡಿದರು. "ಚೆನ್ನಾಗದೆ," ಎಂದರು. ಮದುವೆಮನೆಯಲ್ಲಿ ಉಪ್ಪು ಕಮ್ಮಿಯಾದ ಸಾರಿಗೆ ಹೇಳುವ ಹಾಗೆ. ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ಯಾರೂ ಮಾಡದ ಕೆಲಸ ಮಾಡಿದರು. ಹಿಂದೆ ಹೋದರು.

ಹಿಂದೆ ಏನಿರುತ್ತದೆ? ತಂತಿ ಬಲೆ, ಒರಟು ಸಿಮೆಂಟ್, ಎರಡು ಇಟ್ಟಿಗೆ. ನನ್ನ ಸೈನಿಕರೆಲ್ಲ ಗೋಡೆಗೆ ಒರಗಿ ನಿಲ್ಲುವವರು. ಶತ್ರುವಿಗೆ ಬೆನ್ನು ತೋರಿಸದವರಿಗೆ ಬೆನ್ನು ಯಾಕೆ ಎಂದು ಸಭೆಯೊಂದರಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ.

"ಇಲ್ಲಿ ಯಾರೂ ಇಲ್ವಲ್ಲ ಅಯ್ಯ," ಎಂದರು ಜವರಮ್ಮ.

ನಮಸ್ಕಾರ ಮಾಡಿ ಹೋದರು.

ಡಿಸೆಂಬರ್ 15, ಸೋಮವಾರ

ಕೆಲಸ ಸಾಗಲಿಲ್ಲ. ಹೆಂಡತಿ ರುದ್ರಾಣಿಗೆ ಹೇಳಿದೆ.

"ಮುಖ ಮಾತ್ರ ಸರಿಯಾಗಿದ್ಯಾ? ನಿಮ್ಮ ಹತ್ತೊಂಬತ್ತೂ ಜನ ನನ್ನ ತಮ್ಮನ ಥರ ಇದಾರೆ."

ನಿಜ. ಮೊದಲು ಎಸ್ಟೇಟ್ ಗೇಟುಗಳಿಗೆ ಸಿಂಹ ಮಾಡುತ್ತಿದ್ದೆ. ಅಲ್ಲಿಂದ ಪ್ಲಾಂಟರ್‌ಗಳ ಎದೆಮಟ್ಟದ ಪ್ರತಿಮೆಗೆ ಬಡ್ತಿ. ಆಮೇಲೆ ಯುದ್ಧ ಬಂತು, ಸೈನಿಕರ ಆರ್ಡರ್ ಬಂತು. ಮೊದಲನೆಯವನಿಗೆ ಎದುರು ನಿಲ್ಲಲು ಸಿಕ್ಕಿದವನು ಭಾವಮೈದುನ. ಅವನ ಮುಖದ ಅಚ್ಚು ಉಳಿಯಿತು. ಆಮೇಲಿನವರಿಗೆಲ್ಲ ಅದೇ ಅಚ್ಚು, ಮೂಗಿಗೆ ಒಂದಿಷ್ಟು ತಿದ್ದುಪಡಿ. ಹೊರನಾಡಿನಲ್ಲಿ ಲಾಡ್ಜ್ ನೋಡಿಕೊಂಡಿರುವ, ಜಿರಲೆಗೆ ಹೆದರುವ ಮನುಷ್ಯ ಹತ್ತೊಂಬತ್ತು ಊರಲ್ಲಿ ಬಂದೂಕು ಹಿಡಿದು ನಿಂತಿದ್ದಾನೆ. ಬಸ್ಸಿನಲ್ಲಿ ಹೋಗುವಾಗ ಅವನೇ ಎದ್ದು ತನಗೆ ಕೈಮುಗಿಯುತ್ತಾನೆ.

ತಾಯಂದಿರು ಯಾರೂ ತಕರಾರು ಮಾಡಿರಲಿಲ್ಲ. ಕೇಳಿದವರೂ ಇಲ್ಲ, ಬಿಡಿ.

ಡಿಸೆಂಬರ್ 21, ಭಾನುವಾರ, ಮಧ್ಯಾಹ್ನ 3

ನಾನೇ ಹೇಳಿಕಳಿಸಿದ್ದೆ. ಜವರಮ್ಮ ಬಂದರು. ಪ್ರತಿಮೆಯ ಹಿಂದೆ ಸಿಮೆಂಟ್ ಚೀಲದ ಮೇಲೆ ಕೂತರು. ಮುಂದೆ ಕುರ್ಚಿ ಹಾಕಿದ್ದೆ. ಬೇಡವಂತೆ.

"ಮುಖ ನಾನು ಯಾವಾಗ ನೋಡ್ತಿದ್ದೆ ಅಯ್ಯ? ಬೆಳಿಗ್ಗೆ ಲೈನ್ ಬಿಟ್ರೆ ತೋಟದ ಕಾಲುದಾರಿ. ಇಬ್ರು ಜೊತೇಲಿ ಹೋಗಕ್ಕಾಗಲ್ಲ. ಅವ್ನು ಮುಂದೆ, ನಾನು ಹಿಂದೆ. ಗಿಡದಲ್ಲಿ ಇಬ್ಬನಿ ಇರ್ತದಲ್ಲ, ಮುಂದೆ ಹೋಗೋರು ಪೂರ್ತಿ ನೆನೀತಾರೆ. ಹಿಂದಿನೋರು ಒಣಗಿರ್ತಾರೆ. ಹತ್ತು ವರ್ಷದವ್ನು ಇದ್ದಾಗ್ಲಿಂದ ನನ್ನನ್ನ ಮುಂದೆ ಹೋಗಕ್ಕೆ ಬಿಟ್ಟೋನಲ್ಲ."

ಮುಂದಿನ ಕುರ್ಚಿ ಎತ್ತಿಕೊಂಡು ನಾನೂ ಹಿಂದೆ ಹೋಗಿ ಕೂತೆ.

"ಪೆಟ್ಟಿಗೆ ಬಂತು. ತೆಗೀಬಾರ್ದು ಅಂದ್ರು. ಬಾವುಟ ಹೊದಿಸಿದ್ರು, ಮುಟ್ಟಿದೆ. ಅಷ್ಟೇ. ಇದ್ರಲ್ಲಾದ್ರೂ ಒಂದ್ಸಲ ನೋಡ್ಬೇಕು."

"ಬೆನ್ನು ಹೆಂಗಿತ್ತು?"

"ಅವನ ಬೆನ್ನು ಅವನ ಥರಾನೇ ಇತ್ತು," ಎಂದರು. ಶಿಲ್ಪಶಾಸ್ತ್ರಕ್ಕೆ ಇದರಿಂದ ಹೆಚ್ಚಿನ ನೆರವು ಆಗಲಿಲ್ಲ. ಎದ್ದು ಹೊರಡುವಾಗ ಮಾತ್ರ ಹೇಳಿದರು. "ಎಡ ಭುಜ ಇಳಿದಿತ್ತು. ಹಣ್ಣಿನ ಮೂಟೆ ಆ ಕಡೇನೇ ಹೊರ್ತಿದ್ದ."

ಜನವರಿ 7, ಬುಧವಾರ

ಬೆನ್ನನ್ನು ಎರಡು ಸಲ ಕಟ್ಟಿದೆ, ಎರಡು ಸಲ ಒಡೆದೆ. ಮೊದಲನೆಯದು ಬಟ್ಟೆ ಬೀರು. ಎರಡನೆಯದು ಚಂದ್ರಶೇಖರಪ್ಪನವರ ಬೆನ್ನು. ಕೈಗೆ ಬೆನ್ನು ಗೊತ್ತಿಲ್ಲ.

ಇವತ್ತು ಜವರಮ್ಮ ಕೆಲಸ ಮಾಡುವ ಎಸ್ಟೇಟಿಗೇ ಹೋದೆ. ಕೊಯ್ಲಿನವರು ಮೂಟೆ ಹೊತ್ತು ಕಣಕ್ಕೆ ಹೋಗುವುದನ್ನು ಹಿಂದಿನಿಂದ ನೋಡುತ್ತ ನಿಂತೆ. ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಬಂದ.

"ಯಾರನ್ನ ನೋಡ್ಬೇಕಿತ್ತು ಸಾರ್?"

"ಬೆನ್ನು ನೋಡಕ್ಕೆ ಬಂದೆ."

"ಓನರ್‌ಗೆ ಹೇಳಿದೀರಾ?"

ಅನುಮತಿ ಫೋನಿನಲ್ಲಿ ಬಂತು. ಸಂಜೆವರೆಗೆ ನಲವತ್ತು ಬೆನ್ನು ನೋಡಿದೆ. ಮೂಟೆ ಇಳಿಸಿದ ಮೇಲೂ ಭುಜ ಮೇಲೆ ಬರುವುದಿಲ್ಲ. ಕುತ್ತಿಗೆ ಒಂದಿಷ್ಟು ಆಚೆ ವಾಲಿ ಸರಿದೂಗಿಸುತ್ತದೆ. ಐವತ್ತೆಂಟು ವರ್ಷ ಇದೇ ತಾಲ್ಲೂಕಿನಲ್ಲಿದ್ದೇನೆ. ನೋಡಿರಲಿಲ್ಲ.

ಜನವರಿ 18, ಭಾನುವಾರ

ಮುಗಿಯಿತು. ಫೋಟೋ ನೋಡಿ ಕಣ್ಣು, ಹಣೆ ತಿದ್ದಿದೆ. ಎಡ ಭುಜ ಒಂದೂವರೆ ಇಂಚು ಇಳಿಸಿದೆ. ಹಿಂದೆ ಇಳಿಸಿದರೆ ಮುಂದೆಯೂ ಇಳಿಯಿತು. ಬಂದೂಕು ವಾಲಿತು. ಎದೆ ಮೊದಲಿನಷ್ಟು ಉಬ್ಬಿಲ್ಲ.

ಜವರಮ್ಮ ಬಂದು ಹಿಂದೆ ಕೂತರು. ಅರ್ಧ ಗಂಟೆ. ಎದ್ದು ಹೋದರು. ನಮಸ್ಕಾರವನ್ನೂ ಮಾಡಲಿಲ್ಲ.

ರುದ್ರಾಣಿ ಕೇಳಿದಳು, "ಪಾಸೋ ಫೇಲೋ?"

ಗೊತ್ತಿಲ್ಲ.

ಜನವರಿ 20, ಮಂಗಳವಾರ

ಅಧ್ಯಕ್ಷರ ತಪಾಸಣೆ.

"ಇದೇನ್ರೀ, ಭುಜ ಬಿದ್ದೋಗಿದೆ? ಸೈನಿಕನೋ, ಸಂತೆಯಿಂದ ಬಂದೋನೋ?"

'ವಿಶ್ರಾಮ್' ಭಂಗಿ ಎಂದೆ. ಅವರು ಕಾಲೇಜಲ್ಲಿ ಎನ್‌ಸಿಸಿಯಲ್ಲಿದ್ದವರಂತೆ. ಶೆಡ್ಡಿನ ನಡುವೆ ವಿಶ್ರಾಮ್ ನಿಂತು ತೋರಿಸಿದರು. ಎರಡು ಭುಜವೂ ಸಮ. ಹೊಟ್ಟೆ ಮಾತ್ರ ಮುಂದೆ.

"ಭುಜ ಎಬ್ಬಿಸಿ. ಊರಿನ ಮರ್ಯಾದೆ ಪ್ರಶ್ನೆ."

"ಹುಡುಗ ಹಿಂಗೇ ಇದ್ನಂತೆ ಸಾರ್. ತಾಯಿ ಹೇಳಿದಾರೆ."

"ತಾಯಿ ಪರದೆ ಸರಿಸ್ತಾರೆ, ನಿಜ. ನೋಡೋರು ನಾವಲ್ವಾ ಮಾರಾಯ್ರೇ?"

ಉಳಿ ತೆಗೆದುಕೊಂಡೆ, ಇಟ್ಟೆ. ಎಬ್ಬಿಸುವುದು ಒಂದು ದಿನದ ಕೆಲಸ. ಹತ್ತೊಂಬತ್ತು ಸಲ ಹೇಳಿದ್ದನ್ನೆಲ್ಲ ಮಾಡಿದವನು ನಾನು.

"ಎಬ್ಬಿಸಲ್ಲ," ಎಂದೆ. ಮಾತು ಹೊರಗೆ ಬಂದ ಮೇಲೆ ನನಗೂ ಆಶ್ಚರ್ಯ.

"ಹಂಗಾದ್ರೆ ಪೀಠದ ಕಲ್ಲಲ್ಲಿ ನಿಮ್ ಹೆಸರು ಬೇಡ."

"ಬೇಡ."

ಬೇರೆ ಪ್ರತಿಮೆ ತರಿಸಲು ಅವರಿಗೂ ಸಮಯವಿಲ್ಲ. ಪಕ್ಕದ ಕಣದವರು ಕಾಫಿ ಹರಡುವ ರೇಕು ಹಿಡಿದು ನಿಂತು ಕೇಳಿಸಿಕೊಂಡರು.

ಜನವರಿ 25, ಭಾನುವಾರ

ಜೀಪಿನ ಹಿಂದೆ ಕಟ್ಟಿ ಒಯ್ದೆವು. ಪೀಠಕ್ಕೂ ಬಸ್ ಸ್ಟಾಪಿನ ಗೋಡೆಗೂ ನಡುವೆ ಮೂರಡಿ ಬಿಡಿ ಎಂದಿದ್ದೆ. ಒಂದೂವರೆ ಬಿಟ್ಟಿದ್ದಾರೆ. ತೆಳ್ಳಗಿರುವವರು ಅಡ್ಡಡ್ಡ ಹೋಗಬಹುದು.

ಕಲ್ಲು ನೋಡಿದೆ. ಅಧ್ಯಕ್ಷರ ಹೆಸರು, ಸಮಿತಿಯ ಹನ್ನೊಂದು ಹೆಸರು, ಶಾಮಿಯಾನದವನ ಹೆಸರು. ಅಚ್ಚು ಬಿಟ್ಟು ಸ್ವಲ್ಪ ಸ್ವಂತ ಕೈಯಿಂದ ಮಾಡಿದ ಒಂದೇ ಸೈನಿಕನಿಗೆ ಶಿಲ್ಪಿ ಇಲ್ಲ.

ಜವರಮ್ಮ ಬರುತ್ತಾರೋ ಇಲ್ಲವೋ ಎಂದು ಅಧ್ಯಕ್ಷರಿಗೂ ಅನುಮಾನ. ಎಸ್ಟೇಟಿನ ಮೇಸ್ತ್ರಿ ಕೇಳಿದ್ದಕ್ಕೆ "ನೋಡಾಣ" ಎಂದರಂತೆ.

ಜನವರಿ 26, ಸೋಮವಾರ, ಮಧ್ಯಾಹ್ನ 2

ಬಂದರು. ಮಗಳು ಪವಿತ್ರಾ ಕೈಹಿಡಿದು ಕರೆತಂದಳು. ಪರದೆ ಸರಿಸಿದರು. ಚಪ್ಪಾಳೆ. ಮುಖ್ಯ ಅತಿಥಿಗಳು ಮೈಕ್ ಹಿಡಿದು, ಈ ಮುಖದಲ್ಲಿ ವೀರಕಳೆ ನೋಡಿ ಎಂದರು. ಮೂಗಿನಿಂದ ಮೇಲೆ ಸುರೇಂದ್ರ, ಕೆಳಗೆ ಈಗಲೂ ಭಾವಮೈದುನ.

ಭುಜದ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಹಾರಗಳು ಮುಚ್ಚಿದ್ದವು.

ಭಾಷಣ ಕಾಲು ಗಂಟೆ ದಾಟಿತು. ಮುಂದಿನ ಸಾಲಿನಲ್ಲಿ ಜವರಮ್ಮನ ಕುರ್ಚಿ ಖಾಲಿ. ಪವಿತ್ರಾ ನನ್ನ ಕಡೆ ನೋಡಿ, ಕಣ್ಣಲ್ಲೇ ಗೋಡೆ ಕಡೆ ತೋರಿಸಿದಳು. ಹೊಟ್ಟೆ ಎಳೆದುಕೊಂಡು ಸಂದಿಯಲ್ಲಿ ನುಗ್ಗಿದೆ.

ಅಲ್ಲಿ ನಿಂತಿದ್ದರು. ಮುಟ್ಟಿರಲಿಲ್ಲ. ಗೋಡೆಗೆ ಒತ್ತಿ, ತೋಟದ ದಾರಿಯಲ್ಲಿ ಹಿಂದೆ ಬರುವವರ ಹಾಗೆ. ಮೈಕಿನ ಸದ್ದಿನಲ್ಲಿ ನಾನು ಬಂದದ್ದು ಗೊತ್ತಾಗಲಿಲ್ಲ.

"ಮೆಲ್ಲಗೆ ಹೋಗೋ ಮಾರಾಯ," ಎನ್ನುತ್ತಿದ್ದರು. "ನಾನೂ ಬರ್ತಿದೀನಲ್ಲ."

ನಾನು ಗೋಡೆ ಕಡೆ ತಿರುಗಿದೆ. ಬಣ್ಣ ಒಣಗಿದೆಯೋ ಎಂದು ಪರೀಕ್ಷಿಸಿದೆ. ಗೋಡೆಯ ಬಣ್ಣ. ಅದಕ್ಕೂ ನನಗೂ ಸಂಬಂಧವಿಲ್ಲ. ಆದರೂ ಸುಮಾರು ಹೊತ್ತು ಪರೀಕ್ಷಿಸಿದೆ. ಬಣ್ಣ ಚೆನ್ನಾಗಿ ಒಣಗಿದೆ, ಒಂದು ಕಡೆ ಮಾತ್ರ, ನನ್ನ ಮುಖದ ಎತ್ತರದಲ್ಲಿ, ಒದ್ದೆ.